ಮುಖಪುಟವೂ ಒಳಪುಟವೂ: ವಿದ್ಯಾರ್ಥಿಗಳ ಚಲನಚಿತ್ರ ಪತ್ರಿಕೆಯ ವಿಚಾರ

ಓಲೆಗರಿಯ ಗ್ರಂಥಗಳಿಗೆ ಇಂದಿನ ಅರ್ಥದ ಮುಖಪುಟವೆಂಬುದು ಇರಲಿಲ್ಲ. ಗರಿಗಳ ಕಟ್ಟಿಗೆ ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು ದಾರದಿಂದ ಬಿಗಿಯುತ್ತಿದ್ದರು. ಕೆಲವು ಹಲಗೆಗಳ ಮೇಲೆ ಚಿತ್ರ ಬಿಡಿಸಿದ್ದುಂಟಾದರೂ ಹಲಗೆಯ ಮುಖ್ಯ ಕೆಲಸ ಗರಿಗಳನ್ನು ಕಾಪಾಡುವುದೇ ಹೊರತು ದಾರಿಹೋಕನನ್ನು ಕೂಗಿ ಕರೆಯುವುದಲ್ಲ. ಗ್ರಂಥದ ಹೆಸರು, ಕರ್ತೃವಿನ ಹೆಸರು, ಪ್ರತಿ ಮಾಡಿದವನ ಹೆಸರು, ಬರೆದು ಮುಗಿಸಿದ ಕಾಲ ಇವೆಲ್ಲ ಸಾಮಾನ್ಯವಾಗಿ ಕೊನೆಯ ಗರಿಯ ಪುಷ್ಪಿಕೆಯಲ್ಲಿ ದೊರೆಯುತ್ತಿದ್ದುವು. ಮೊದಲು ಕೃತಿ, ಆಮೇಲೆ ಅದರ ಹೆಸರು ಎಂಬುದು ಅಂದಿನ ಕ್ರಮ. ಅಚ್ಚುಕೂಟ ಬಂದು, ಪುಸ್ತಕವೂ ಪತ್ರಿಕೆಯೂ ಅಂಗಡಿಯ ಸರಕಾದ ಮೇಲೆ ಆ ಕ್ರಮ ತಲೆಕೆಳಗಾಯಿತು. ಹೆಸರು ಮೊದಲಿಗೆ ಬಂತು. ಹೆಸರಿನ ಜೊತೆಗೆ ಚಿತ್ರ ಬಂತು. ಚಿತ್ರದ ಜೊತೆಗೆ ಒಳಗೆ ಏನಿದೆಯೆಂದು ಸಾರುವ ಸಾಲುಗಳು ಬಂದುವು.

ಈ ಬದಲಾವಣೆಯ ತುತ್ತತುದಿಯನ್ನು ನೋಡಬೇಕೆನ್ನುವವರು ಚಲನಚಿತ್ರ ಪತ್ರಿಕೆಯ ಮುಖಪುಟವನ್ನು ನೋಡಬೇಕು. ಅಮೆರಿಕೆಯ ಷಿಕಾಗೋ ನಗರದಲ್ಲಿ 1911ರಲ್ಲಿ ಫೋಟೋಪ್ಲೇ ಆರಂಭವಾಯಿತು. ಬ್ರಿಟನ್ನಿನಲ್ಲಿ ಸೈಟ್ ಅಂಡ್ ಸೌಂಡ್ 1932ರಲ್ಲಿಯೂ, ಫ್ರಾನ್ಸಿನಲ್ಲಿ ಕಾಯೇ ದು ಸಿನೆಮಾ 1951ರಲ್ಲಿಯೂ, ಮುಂಬಯಿಯಲ್ಲಿ ಫಿಲ್ಮ್‌ಫೇರ್ 1952ರಲ್ಲಿಯೂ ಹುಟ್ಟಿದುವು. 1989ರಲ್ಲಿ ಎಂಪೈರ್, 1997ರಲ್ಲಿ ಟೋಟಲ್ ಫಿಲ್ಮ್ ಎಂಬ ಪತ್ರಿಕೆಗಳು ಲಂಡನ್ನಿನಿಂದ ಹೊರಟುವು. ಇವುಗಳಲ್ಲಿ ಟೋಟಲ್ ಫಿಲ್ಮ್ 2024ರಲ್ಲಿ ನಿಂತುಹೋಯಿತು. ಇವುಗಳಲ್ಲಿ ಕೆಲವು ವಿಮರ್ಶೆಗೆ, ಕೆಲವು ತಾರೆಯರ ವಾರ್ತೆಗೆ ಮುಡಿಪಾದವು. ಆದರೆ ಮುಖವೊಂದನ್ನು ಮುಂದಿಟ್ಟು ಓದುಗನನ್ನು ಒಳಕ್ಕೆ ಕರೆಯಬೇಕೆಂಬ ಅಗತ್ಯ ಎಲ್ಲಕ್ಕೂ ಬಂದೊದಗಿತು.

ಇಂತಹ ಮುಖಪುಟವನ್ನು ವಿದ್ಯಾರ್ಥಿಗಳೇ ರಚಿಸಬೇಕೆಂಬ ಅಭ್ಯಾಸ ಇಂಗ್ಲೆಂಡಿನ ಶಾಲಾಶಿಕ್ಷಣದಲ್ಲಿ ಬಹುಕಾಲ ನಡೆಯಿತು. ಅಲ್ಲಿನ ಓ.ಸಿ.ಆರ್. ಎಂಬ ಪರೀಕ್ಷಾಮಂಡಲಿಯ ಮಾಧ್ಯಮ ಅಧ್ಯಯನ ವಿಷಯದಲ್ಲಿ, 2008ರಿಂದ ಬೋಧನೆಗೆ ಬಂದ ಪಠ್ಯಕ್ರಮದಂತೆ, ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಜಿ 324 ಎಂಬ ಸಂಖ್ಯೆಯ ಪ್ರಾಯೋಗಿಕ ಘಟಕವೊಂದಿತ್ತು. ಅದರಲ್ಲಿ ಆರಿಸಿಕೊಳ್ಳಬಹುದಾಗಿದ್ದ ಒಂದು ಕಾರ್ಯ ಹೀಗಿತ್ತು: ತಾವೇ ಕಲ್ಪಿಸಿದ ಹೊಸ ಚಲನಚಿತ್ರವೊಂದಕ್ಕೆ ಕಿರು ಪ್ರಚಾರಚಿತ್ರವನ್ನು, ಎಂದರೆ ಟೀಸರ್ ಟ್ರೇಲರನ್ನು, ತಯಾರಿಸಬೇಕು, ಅದರ ಜೊತೆಗೆ ಆ ಚಿತ್ರದ ಭಿತ್ತಿಪತ್ರ, ಅಂತರಜಾಲದ ಮೊದಲ ಪುಟ, ಚಲನಚಿತ್ರ ಪತ್ರಿಕೆಯ ಮುಖಪುಟ ಈ ಮೂರರಲ್ಲಿ ಎರಡನ್ನು ರಚಿಸಬೇಕು. ಒಟ್ಟು 100 ಅಂಕಗಳಲ್ಲಿ 20 ಪೂರ್ವಸಿದ್ಧತೆಗೆ, 60 ರಚನೆಗೆ, 20 ಸ್ವಂತ ಪರಾಮರ್ಶೆಗೆ ಮೀಸಲಾಗಿದ್ದುವು. 2017ರಲ್ಲಿ ಹೊಸ ಪಠ್ಯಕ್ರಮ ಬೋಧನೆಗೆ ಬಂದು ಆ ಹಳೆಯ ಘಟಕ ಮರೆಯಾಯಿತು. ಆದರೆ ಅದು ಎತ್ತಿದ ಪ್ರಶ್ನೆ ಮರೆಯಾಗಿಲ್ಲ. ಭಾರತದ ಶಾಲೆಗಳಲ್ಲಿಯೂ ಸಮೂಹ ಮಾಧ್ಯಮವು ಪಾಠದ ವಿಷಯವಾಗಿದೆ. ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕವಾಗಿ ಓದುವವರಿದ್ದಾರೆ. ಆದಕಾರಣ ಮುಖಪುಟದ ರಚನೆಯನ್ನು ಮಕ್ಕಳಿಗೆ ಕೊಡುವುದು ತಕ್ಕುದೇ, ಕೊಡುವುದಾದರೆ ಹೇಗೆ ಕೊಡಬೇಕು ಎಂಬುದು ಕನ್ನಡ ನಾಡಿನ ಅಧ್ಯಾಪಕರೂ ಪೋಷಕರೂ ಆಲೋಚಿಸಬೇಕಾದ ವಿಷಯವಾಗಿದೆ.

ಮೊದಲು ಹಿರಿಯರ ಆಕ್ಷೇಪಣೆಯನ್ನು ಪರಿಶೀಲಿಸುವುದು ಉಚಿತ. ಸಿನಿಮಾ ಪತ್ರಿಕೆ ಶಾಲೆಯ ಹೊಸ್ತಿಲು ದಾಟಬಾರದು, ವಿದ್ಯಾಮಂದಿರದಲ್ಲಿ ನಟನಟಿಯರ ಭಾವಚಿತ್ರಗಳಿಗೆ ಕೆಲಸವಿಲ್ಲ ಎಂದು ಅವರು ಹೇಳುವುದುಂಟು. ಈ ಮಾತಿನ ಹಿಂದೆ ಮಕ್ಕಳ ಮೇಲಿನ ಅಕ್ಕರೆ ಇದೆ. ಅದನ್ನು ಹಗುರಾಗಿ ಕಾಣಲಾಗದು. ಆದರೆ ಇಂದು ಮಗುವಿನ ಕೈಗೆ ಬಂದಿರುವುದು ಪತ್ರಿಕೆಯಲ್ಲ, ದೂರವಾಣಿ. ಅದರ ತೆರೆಯ ಮೇಲೆ ಒಂದು ಸಂಜೆಗೆ ಹತ್ತಾರು ಪುಟ್ಟ ಚಿತ್ರಗಳು ಸರಿದುಹೋಗುತ್ತವೆ. ಅಗಲಿಸಿದ ಕಣ್ಣುಗಳ ಒಂದು ಮುಖ, ದಪ್ಪಕ್ಷರದ ಎರಡು ಮಾತು, ಕೆಂಪು ಬಣ್ಣದ ಒಂದು ಬಾಣ: ಯೂಟ್ಯೂಬಿನ ವಿಡಿಯೋಗಳಿಗೆ ಹಚ್ಚುವ ಈ ಚಿತ್ರಗಳು ಚಲನಚಿತ್ರ ಪತ್ರಿಕೆಯ ಮುಖಪುಟದ ಮೊಮ್ಮಕ್ಕಳೇ. ಕಾಗದದ ಪತ್ರಿಕೆ ಕಡಿಮೆಯಾದರೂ ಮುಖಪುಟದ ವಿದ್ಯೆ ಕಡಿಮೆಯಾಗಿಲ್ಲ. ಅಂಗೈ ಅಗಲಕ್ಕೆ ಇಳಿದು ಮನೆಮನೆಯನ್ನು ಹೊಕ್ಕಿದೆ. ಬಾಗಿಲು ಮುಚ್ಚಿದರೆ ಅದು ಹೊರಗುಳಿಯುವುದಿಲ್ಲ. ಅದರ ಹೆಣಿಗೆಯನ್ನು ಬಿಡಿಸಿ ನೋಡಬಲ್ಲ ಕಣ್ಣನ್ನು ಮಗುವಿಗೆ ಕೊಡುವುದೊಂದೇ ಉಳಿದ ಉಪಾಯ. ಹೆಣಿಗೆಯನ್ನು ಬಿಡಿಸಲು ಕಲಿಯಬೇಕಾದರೆ ಒಮ್ಮೆ ತಾನೇ ಹೆಣೆದು ನೋಡಬೇಕು. ಛಂದಸ್ಸನ್ನು ಕಲಿಯುವವನು ಹತ್ತು ಪದ್ಯಗಳಿಗೆ ಪ್ರಸ್ತಾರ ಹಾಕುವುದರ ಜೊತೆಗೆ ತಾನೊಂದು ಕಂದಪದ್ಯವನ್ನು ಕಟ್ಟಿ ನೋಡಬೇಕೆಂದು ಹಿಂದಿನ ವಿದ್ವಾಂಸರು ವಿಧಿಸುತ್ತಿದ್ದುದು ಇದೇ ಕಾರಣಕ್ಕಾಗಿ.

ಈ ರಚನೆಯಲ್ಲಿ ಕಲಿಯಬೇಕಾದುದು ಹೊರನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಾಗಿದೆ. ಪತ್ರಿಕೆಯ ಹೆಸರು ಪುಟದ ನೆತ್ತಿಯಲ್ಲಿಯೇ ಏಕಿರುತ್ತದೆ? ಅಂಗಡಿಯ ಅಡ್ಡಹಲಗೆಗಳಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಸರಿಸಿ ಜೋಡಿಸಿದಾಗ ಹೊರಗೆ ಕಾಣುವುದು ಮೇಲ್ಭಾಗವೂ ಎಡಭಾಗವೂ ಮಾತ್ರ. ಮುಖ್ಯವಾದ ಮಾತುಗಳು ಎಡಗಡೆಯ ಮೂರನೆಯ ಒಂದು ಪಾಲಿನಲ್ಲಿ ಸಾಲಾಗಿ ನಿಲ್ಲುವುದೂ ಇದೇ ಕಾರಣದಿಂದ. ನಟನ ತಲೆ ಪತ್ರಿಕೆಯ ಹೆಸರಿನ ಒಂದೆರಡು ಅಕ್ಷರಗಳನ್ನು ಮುಚ್ಚಿರುವುದು ಅಜಾಗರೂಕತೆಯಲ್ಲ. ಅರ್ಧ ಮುಚ್ಚಿದರೂ ಗುರುತು ಸಿಕ್ಕುವಷ್ಟು ಪ್ರಸಿದ್ಧ ಪತ್ರಿಕೆಯಿದು ಎಂಬ ಬಿಂಕ ಅದರಲ್ಲಡಗಿದೆ. ಚಿತ್ರದಲ್ಲಿರುವವರು ನೇರವಾಗಿ ನೋಡುಗನ ಕಣ್ಣನ್ನೇ ನೋಡುವುದು ಇನ್ನೊಂದು ಉಪಾಯ. ವಿಗ್ರಹಶಿಲ್ಪಿಗಳು ನೇತ್ರೋನ್ಮೀಲನವನ್ನು ಕಟ್ಟಕಡೆಗೆ ಇರಿಸಿಕೊಳ್ಳುವರಷ್ಟೆ. ಕಣ್ಣು ತೆರೆದೊಡನೆ ಶಿಲೆಗೂ ನೋಡುವವನಿಗೂ ಒಂದು ಸಂಬಂಧ ಏರ್ಪಡುತ್ತದೆಂಬುದನ್ನು ಅವರು ಬಲ್ಲರು. ಮುಖಪುಟದವರು ಆ ಬಲವನ್ನು ವ್ಯಾಪಾರಕ್ಕೆ ತಂದರು. ಮೂಲೆಯಲ್ಲಿರುವ ಪಟ್ಟೆಗಳ ಬಾರ್‌ಕೋಡು ಕೂಡ ಸುಮ್ಮನೆ ಗೀಚಿದ ಗೆರೆಗಳಲ್ಲ. ನಿಯತಕಾಲಿಕಗಳ ಆ 13 ಅಂಕಿಗಳ ಸಂಖ್ಯೆ 977ರಿಂದ ಮೊದಲಾಗುತ್ತದೆ. ಅದರೊಳಗೆ ಪತ್ರಿಕೆಯ ಅಂತರರಾಷ್ಟ್ರೀಯ ಗುರುತುಸಂಖ್ಯೆಯ ಅಂಕಿಗಳು ಅಡಗಿರುತ್ತವೆ. ಒಂದು ಹಾಳೆಯ ಮೇಲೆ ಇಷ್ಟೊಂದು ಕಾರ್ಯಕಾರಣ ಸಂಬಂಧಗಳಿವೆಯೆಂದು ತಿಳಿದ ವಿದ್ಯಾರ್ಥಿ ಮುಂದೆ ಯಾವ ಹಾಳೆಯನ್ನೂ ಮೊದಲಿನಂತೆ ನೋಡಲಾರನು.

ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಇದು ತೀರ ಹೊಸ ವಿಚಾರವೆಂದು ತೋರಲಾರದು. ಹೇಳಿದುದಕ್ಕಿಂತ ಹೇಳದೆ ಸೂಚಿಸಿದುದು ಹಿರಿದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಸಾಧಿಸಿದನು. ಒಡವೆ ಬೆಲೆಯುಳ್ಳದ್ದಾದ ಮಾತ್ರಕ್ಕೆ ಸಾಲದು, ಇರಬೇಕಾದ ತಾವಿನಲ್ಲಿರಬೇಕು ಎಂಬುದು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನ ಔಚಿತ್ಯವಿಚಾರದ ತಿರುಳು. ಬಣ್ಣ, ಅಕ್ಷರ, ಚಿತ್ರ, ಬಿಟ್ಟ ಬಿಳಿಯ ಜಾಗ ಇವುಗಳನ್ನು ಎಲ್ಲೆಲ್ಲಿ ಎಷ್ಟೆಷ್ಟು ಇಡಬೇಕೆಂದು ವಿದ್ಯಾರ್ಥಿ ತೂಗಿ ನೋಡುವುದು ಔಚಿತ್ಯದ ಪಾಠವಲ್ಲದೆ ಮತ್ತೇನು? ಆದಕಾರಣ ಮುಖಪುಟದ ರಚನೆ ಶಾಲೆಗೆ ತಕ್ಕ ಅಭ್ಯಾಸವೇ ಸರಿ ಎಂಬುದರಲ್ಲಿ ಸಂಶಯವಿಲ್ಲ.

ಸಂಶಯವಿರುವುದು ಇನ್ನೊಂದು ಕಡೆ. ಇಂಗ್ಲೆಂಡಿನ ಆ ಘಟಕದಲ್ಲಿ ವಿದ್ಯಾರ್ಥಿಯು ರಚಿಸಬೇಕಾಗಿದ್ದುದು ಮುಖಪುಟವನ್ನು ಮಾತ್ರ. ಅದರ ಹಿಂದೆ ಪತ್ರಿಕೆಯಿರಲಿಲ್ಲ. ಮುಖಪುಟದ ಮೇಲೆ ಐದಾರು ಸಾಲುಗಳಿರಬೇಕೆಂಬುದು ರೂಢಿ: ಇಂಥ ನಿರ್ದೇಶಕನೊಡನೆ ವಿಶೇಷ ಸಂದರ್ಶನ, ಈ ವರ್ಷದ ಉತ್ತಮ ಚಿತ್ರಗಳ ಪಟ್ಟಿ, ಯಾರೂ ಅರಿಯದ ಒಂದು ಒಳಸುದ್ದಿ. ಈ ಸಂದರ್ಶನವನ್ನು ಯಾರೂ ಮಾಡಿಲ್ಲ. ಪಟ್ಟಿಯನ್ನು ಯಾರೂ ಸಿದ್ಧಪಡಿಸಿಲ್ಲ. ಒಳಸುದ್ದಿಗೆ ಒಳಗೇ ಇಲ್ಲ. ಆದರೂ ಸಾಲು ಆಕರ್ಷಕವಾಗಿದ್ದರೆ ಕೆಲಸ ಚೆನ್ನಾಯಿತೆಂದೇ ಎಣಿಕೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಹುಡುಗನೊಬ್ಬನು ಇದರಿಂದ ಕಲಿಯುವುದೇನು? ಮಾತು ಕೊಡುವುದು ಒಂದು ಕಲೆ, ಮಾತು ನಡೆಸುವುದು ಬೇರೊಬ್ಬರ ಕೆಲಸ ಎಂದಲ್ಲವೆ?

ಈ ಕೊರತೆಯನ್ನು ಅದೇ ಪಠ್ಯಕ್ರಮದ ಮೊದಲ ವರ್ಷದ ಅಭ್ಯಾಸದೊಡನೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಜಿ 321 ಎಂಬ ಮೊದಲ ವರ್ಷದ ಘಟಕದಲ್ಲಿ ಹೊಸ ಸಂಗೀತ ಪತ್ರಿಕೆಯೊಂದನ್ನು ರಚಿಸುವ ಕಾರ್ಯವಿತ್ತು. ಅಲ್ಲಿ ಮುಖಪುಟದ ಜೊತೆಗೆ ವಿಷಯಸೂಚಿಯ ಪುಟವನ್ನೂ, ಎದುರುಬದುರಿನ ಎರಡು ಪುಟಗಳ ಲೇಖನವನ್ನೂ ವಿದ್ಯಾರ್ಥಿಯೇ ಸಿದ್ಧಪಡಿಸಬೇಕಾಗಿತ್ತು. ಹೊರಗೆ ಸಾರಿದುದಕ್ಕೆ ಒಳಗೆ ಅಷ್ಟಾದರೂ ಆಧಾರ ಬೇಕಾಗಿತ್ತು. ಚಿಕ್ಕ ತರಗತಿಯಲ್ಲಿ ಬೇಡಿದ ಹೊಣೆಯನ್ನು ದೊಡ್ಡ ತರಗತಿಯಲ್ಲಿ ಬಿಟ್ಟುಕೊಟ್ಟದ್ದು ವಿಚಿತ್ರವಾಗಿ ತೋರುತ್ತದೆ.

ಆ ಪಠ್ಯಕ್ರಮವನ್ನು ಸಮರ್ಥಿಸುವವರಿಗೂ ಹೇಳಲು ಮಾತಿದೆ. ಅಲ್ಲಿ ಮುಖಪುಟವು ಉಪಾಂಗ, ಪ್ರಚಾರಚಿತ್ರವೇ ಪ್ರಧಾನಾಂಗ. ಮುಖಪುಟದ ದೊಡ್ಡ ಚಿತ್ರದ ಹಿಂದೆ ವಿದ್ಯಾರ್ಥಿಯೇ ತೆಗೆದ ಪ್ರಚಾರಚಿತ್ರವಿದ್ದೇ ಇದೆ. ಇರುವ ಕಾಲಾವಕಾಶದಲ್ಲಿ ಇಡೀ ಪತ್ರಿಕೆಯನ್ನು ಬರೆಯಿಸುವುದು ಸಾಧ್ಯವಿಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಪ್ರಧಾನವಾದ ಸಾಲಿಗೆ ಆಧಾರವಿದೆಯೆಂದು ಒಪ್ಪಬಹುದು. ಆದರೆ ಪ್ರಚಾರಚಿತ್ರವೂ ಇನ್ನೊಂದು ಆಶ್ವಾಸನೆಯೇ ಹೊರತು ಚಿತ್ರವಲ್ಲ. ಇಲ್ಲದ ಚಿತ್ರಕ್ಕೆ ಪ್ರಚಾರ, ಆ ಪ್ರಚಾರಕ್ಕೆ ಇಲ್ಲದ ಪತ್ರಿಕೆಯ ಮುಖಪುಟ ಎಂದಾಗ ಕನ್ನಡಿಗೆ ಕನ್ನಡಿ ಹಿಡಿದಂತಾಗುತ್ತದೆ. ಉಳಿದ ನಾಲ್ಕೈದು ಸಾಲುಗಳಿಗಂತೂ ಯಾವ ಆಸರೆಯೂ ಇಲ್ಲ. ಕಾಲಾವಕಾಶ ಸಾಲದಿದ್ದರೆ ಸಾಲುಗಳನ್ನು ಎರಡಕ್ಕೆ ಇಳಿಸಬಹುದು. ಇಲ್ಲದ ಲೇಖನಗಳ ಹೆಸರನ್ನು ತುಂಬಬೇಕಾಗಿಲ್ಲ.

ಕುತೂಹಲವನ್ನು ಕೆರಳಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಯಕ್ಷಗಾನದ ಒಡ್ಡೋಲಗವನ್ನು ನೋಡಿದವರು ಇದನ್ನು ಚೆನ್ನಾಗಿ ಬಲ್ಲರು. ಇಬ್ಬರು ಹಿಡಿದ ತೆರೆಯ ಹಿಂದೆ ವೇಷಧಾರಿ ಬಂದು ನಿಲ್ಲುತ್ತಾನೆ. ಮೇಲೆ ಕಿರೀಟದ ತುದಿ ಕಾಣುತ್ತದೆ. ಕೆಳಗೆ ಗೆಜ್ಜೆಯ ಕಾಲು ಕಾಣುತ್ತದೆ. ಚೆಂಡೆಯ ಪೆಟ್ಟು ಏರುತ್ತದೆ. ಸಭೆ ಉಸಿರು ಬಿಗಿಹಿಡಿಯುತ್ತದೆ. ಅನಂತರ ತೆರೆ ಸರಿಯುತ್ತದೆ, ವೇಷ ಪೂರ್ಣವಾಗಿ ಎದುರು ನಿಲ್ಲುತ್ತದೆ, ಇರುಳೆಲ್ಲ ಪ್ರಸಂಗ ನಡೆಯುತ್ತದೆ. ತೆರೆಯ ಸೊಗಸು ಇರುವುದು ಅದು ಸರಿಯುತ್ತದೆಂಬ ಭರವಸೆಯಲ್ಲಿ. ತೆರೆಯನ್ನು ಹಿಡಿದೇ ಬೆಳಗು ಮಾಡಿ, ಹಿಂದೆ ಯಾರೂ ಇರಲಿಲ್ಲವೆಂದು ಮೇಳದವರು ಎದ್ದುಹೋದರೆ ಯಾವ ಊರಿನವರು ಮರುವರ್ಷ ಅವರನ್ನು ಕರೆದಾರು? ಒಳ್ಳೆಯ ಮುಖಪುಟವೂ ಸರಿಯಬಲ್ಲ ತೆರೆಯಾಗಿರಬೇಕು.

ಎರಡನೆಯ ವಿಚಾರ ಅನುಕರಣೆಯದು. ಆ ಘಟಕದ ಪರಾಮರ್ಶೆಯಲ್ಲಿ ವಿದ್ಯಾರ್ಥಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಅವನ ರಚನೆಯು ನಿಜವಾದ ಮಾಧ್ಯಮಗಳ ರೂಢಿಗಳನ್ನು ಹೇಗೆ ಬಳಸಿದೆ, ಬೆಳೆಸಿದೆ ಅಥವಾ ಎದುರಿಸಿದೆ ಎಂಬುದು. ಪ್ರಶ್ನೆ ನ್ಯಾಯವಾದುದು, ಎದುರಿಸುವುದಕ್ಕೂ ಅಲ್ಲಿ ಎಡೆಯಿತ್ತು. ಆದರೆ ಅಂಕಗಳಿಗೆ ಹೆದರುವ ವಯಸ್ಸಿನಲ್ಲಿ ಎದುರಿಸುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಎಂಪೈರ್ ಪತ್ರಿಕೆಯ ಕೆಂಪಕ್ಷರದ ಹೆಸರಿನ ಕೆಳಗೆ ತನ್ನ ಗೆಳೆಯನ ಮುಖವನ್ನು ಕೂರಿಸಿ, ನಿಜವಾದದ್ದೇ ಎನ್ನಿಸುವಂತೆ ಮಾಡಿಬಿಟ್ಟರೆ ಸುರಕ್ಷಿತ ಎಂದು ಹುಡುಗನಿಗೆ ತೋರುವುದು ಸಹಜ. ಅನುಕರಣೆ ಕಲಿಕೆಯ ಮೊದಲ ಮೆಟ್ಟಿಲು. ಅಕ್ಷರ ತಿದ್ದುವಾಗ ಮೇಲ್ಪಂಕ್ತಿ ಬೇಕು. ಮೇಲ್ಪಂಕ್ತಿಯಲ್ಲಿಯೇ ನಿಂತವನಿಗೆ ಕೈಬರೆಹ ಬರುವುದಿಲ್ಲ.

ಮೂರನೆಯದು ಚಿತ್ರದ ಸತ್ಯದ ವಿಚಾರ. 1989ರಲ್ಲಿ ಅಮೆರಿಕೆಯ ಟಿ.ವಿ. ಗೈಡ್ ಪತ್ರಿಕೆಯು ಓಪ್ರಾ ವಿನ್‌ಫ್ರೇಯವರ ತಲೆಯನ್ನು ನಟಿ ಆ್ಯನ್ ಮಾರ್ಗ್ರೆಟ್ ಅವರ ಮೈಮೇಲೆ ಕೂರಿಸಿದ ಚಿತ್ರವನ್ನು ಮುಖಪುಟವಾಗಿ ಅಚ್ಚುಹಾಕಿತು. 1994ರ ಜೂನ್ ತಿಂಗಳಲ್ಲಿ ಟೈಮ್, ನ್ಯೂಸ್‌ವೀಕ್ ಪತ್ರಿಕೆಗಳೆರಡೂ ಒಂದೇ ವಾರದಲ್ಲಿ ಓ.ಜೆ. ಸಿಂಪ್ಸನ್ನರ ಒಂದೇ ಪೊಲೀಸ್ ಭಾವಚಿತ್ರವನ್ನು ಮುಖಪುಟಕ್ಕೆ ತೆಗೆದುಕೊಂಡವು. ಟೈಮ್ ಪತ್ರಿಕೆಯಲ್ಲಿ ಮಾತ್ರ ಮುಖದ ಬಣ್ಣ ಬಹಳ ಕಪ್ಪಾಗಿ ತೋರುವಂತೆ ಚಿತ್ರವನ್ನು ಮಾರ್ಪಡಿಸಲಾಗಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ನ್ಯಾಯಾಲಯದ ತೀರ್ಪಿಗೆ ಮುಂಚೆಯೇ ಬಣ್ಣವೊಂದು ತೀರ್ಪು ಕೊಟ್ಟಂತೆ ಕಂಡಿತು, ದೊಡ್ಡ ಪ್ರತಿಭಟನೆಯೆದ್ದಿತು. 2003ರಲ್ಲಿ ಬ್ರಿಟನ್ನಿನ ಜಿ.ಕ್ಯೂ. ಪತ್ರಿಕೆಯು ನಟಿ ಕೇಟ್ ವಿನ್ಸ್ಲೆಟ್ ಅವರ ದೇಹವನ್ನು ಗಣಕಯಂತ್ರದಲ್ಲಿ ತೆಳ್ಳಗೆ ಮಾಡಿ ಮುಖಪುಟದಲ್ಲಿ ತೋರಿಸಿದಾಗ, ತಾನು ಹಾಗಿಲ್ಲವೆಂದು ಆಕೆಯೇ ಬಹಿರಂಗವಾಗಿ ಹೇಳಬೇಕಾಯಿತು. ಈ ಮೂರು ಮುಖಪುಟಗಳು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಪಾಠ ಹೇಳಬಲ್ಲವು. ವಿದ್ಯಾರ್ಥಿಯು ತನ್ನ ಸಹಪಾಠಿಯ ಭಾವಚಿತ್ರವನ್ನು ತೆಗೆದು, ಅದರ ಮೈಬಣ್ಣವನ್ನು ಬೆಳ್ಳಗೆ ಮಾಡುವ ಗುಂಡಿಯ ಮೇಲೆ ಬೆರಳಿಟ್ಟಾಗ, ತಾನು ಮಾಡುತ್ತಿರುವುದೇನೆಂದು ಅವನಿಗೆ ತಿಳಿದಿರಬೇಕು. ಆ ಸಹಪಾಠಿ ಹುಡುಗಿ ಮರುದಿನ ಕನ್ನಡಿಯಲ್ಲಿ ನೋಡಿಕೊಳ್ಳುವುದು ತನ್ನ ಮುಖವನ್ನೇ ಹೊರತು ಮುಖಪುಟದ ಮುಖವನ್ನಲ್ಲ.

ಈಗ ಇನ್ನೂ ಒಂದು ತೊಡಕು ಬಂದಿದೆ. ನಾಲ್ಕು ಮಾತು ಬರೆದುಕೊಟ್ಟರೆ ಮುಖಪುಟದಂತಹ ಚಿತ್ರವನ್ನು ಗಣಕಯಂತ್ರದ ಕೃತಕ ಬುದ್ಧಿಮತ್ತೆಯೇ ಕ್ಷಣದಲ್ಲಿ ತಯಾರಿಸಿಕೊಡುತ್ತದೆ. ಹೊಳಪಿನಲ್ಲಿ ಹದಿನೇಳರ ಹುಡುಗ ಅದರೊಡನೆ ಸ್ಪರ್ಧಿಸಲಾರನು. ಆದುದರಿಂದ ಹೊಳಪಿಗೆ ಅಂಕ ಕೊಡುವ ಪದ್ಧತಿ ಇನ್ನು ನಿಲ್ಲದು. ಈ ಮುಖವನ್ನೇ ಏಕೆ ಆರಿಸಿದೆ, ಈ ಬಣ್ಣ ಏಕೆ, ಈ ಸಾಲಿನಲ್ಲಿ ಈ ಶಬ್ದ ಏಕೆ ಎಂದು ಕೇಳಿದಾಗ ವಿದ್ಯಾರ್ಥಿಯು ಕೊಡುವ ಉತ್ತರಕ್ಕೆ ಅಂಕ ಸಲ್ಲಬೇಕು. ಆ ಉತ್ತರವನ್ನು ಎದುರಿಗೆ ನಿಂತು ತನ್ನ ಬಾಯಿಂದ ಹೇಳುವಂತಾದರೆ ಇನ್ನೂ ಒಳ್ಳೆಯದು.

ಕನ್ನಡದ ಮುಖಪುಟವೆಂದಾಗ ಲಿಪಿಯ ವಿಚಾರವೂ ಏಳುತ್ತದೆ. ಇದು ಇಂಗ್ಲಿಷಿನ ಮೇಲ್ಪಂಕ್ತಿಯಿಂದ ಬಗೆಹರಿಯುವಂಥದಲ್ಲ. ಎಂಪೈರ್ ಎಂಬ ಹೆಸರಿನ ಆರು ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಗೋಡೆಯಂತೆ ನಿಲ್ಲುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಒತ್ತಕ್ಷರ ಇವು ಅಕ್ಷರದ ಮೇಲೆ, ಬಲಕ್ಕೆ, ಕೆಳಕ್ಕೆ ಚಾಚಿಕೊಳ್ಳುತ್ತವೆ. ರಜತಪಟ ಎಂಬ ಶಬ್ದದಲ್ಲಿ ಒಂದೂ ಒತ್ತಿಲ್ಲ. ಅದರ ಬುಡ ಸಮನಾಗಿರುತ್ತದೆ, ಕೆಳಗಿನ ಸಾಲನ್ನು ಹತ್ತಿರಕ್ಕೆ ತರಬಹುದು. ನಕ್ಷತ್ರ ಎಂಬ ಶಬ್ದದಲ್ಲಿ ಎರಡು ಒತ್ತುಗಳು ಕೆಳಗಿಳಿಯುತ್ತವೆ. ಅವುಗಳಿಗೆ ಜಾಗ ಬಿಡದಿದ್ದರೆ ಚಿತ್ರದಲ್ಲಿರುವವರ ಹಣೆಗೆ ಚುಚ್ಚುತ್ತವೆ. ರಾಷ್ಟ್ರ ಎಂದಾಗ ಒಂದೇ ಅಕ್ಷರದಡಿಯಲ್ಲಿ ಎರಡು ಒತ್ತುಗಳಿಗೆ ಎಡೆ ಬೇಕು. ಆದಕಾರಣ ಕನ್ನಡದಲ್ಲಿ ಪತ್ರಿಕೆಗೆ ಹೆಸರಿಡುವಾಗ ಅರ್ಥದೊಡನೆ ಆಕಾರವನ್ನೂ ನೋಡಬೇಕಾಗುತ್ತದೆ. ಒತ್ತು ತೊಡಕಲ್ಲ, ಒಡವೆ. ಅದನ್ನು ಬಳ್ಳಿಯಂತೆ ಬಾಗಿಸಿ ಸೊಗಸನ್ನು ತರಬಲ್ಲ ಕೈಬರೆಹದ ಕಲಾವಿದರು ಕನ್ನಡದ ಭಿತ್ತಿಪತ್ರಗಳಲ್ಲಿಯೂ ಅಂಗಡಿಯ ಹಲಗೆಗಳಲ್ಲಿಯೂ ತಲೆಮಾರುಗಳಿಂದ ಕೆಲಸಮಾಡಿದ್ದಾರೆ. ಗಣಕಯಂತ್ರದಲ್ಲಿ ನೋಟೊ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದ ಉಚಿತ ಅಕ್ಷರವಿನ್ಯಾಸಗಳು ಈಗ ದೊರೆಯುತ್ತವೆ. ಆದರೆ ಪುಟವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಚಾಲನೆಗೊಳಿಸದಿದ್ದರೆ ಒತ್ತು ಕಳಚಿ, ಅಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಹಾಗೆ ಮುರಿದ ಅಕ್ಷರವನ್ನು ಗುರುತಿಸದೆ ಅಚ್ಚಿಗೆ ಕಳುಹಿಸುವ ವಿದ್ಯಾರ್ಥಿಗೆ ವಿನ್ಯಾಸಕ್ಕಿಂತ ಮೊದಲು ಕಾಗುಣಿತವನ್ನು ಕಲಿಸಬೇಕು.

ಒಂದು ಉದಾಹರಣೆಯಿಂದ ಇಡೀ ವಿಚಾರವನ್ನು ಪರೀಕ್ಷಿಸಬಹುದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಮೊದಲ ಕಥಾಚಿತ್ರ ಘಟಶ್ರಾದ್ಧ 1977ರದು. ಬಿ.ವಿ. ಕಾರಂತರ ಸಂಗೀತವುಳ್ಳ ಆ ಕಪ್ಪುಬಿಳುಪಿನ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ದೊರೆಯಿತು; ಜೀರ್ಣೋದ್ಧಾರಗೊಂಡ ಅದರ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ವಿಧವೆಯಾದ ಯಮುನೆಯ ದುರಂತವನ್ನು ವೇದಪಾಠಕ್ಕೆ ಬಂದ ನಾಣಿಯೆಂಬ ಬಾಲಕನ ಕಣ್ಣಿನಿಂದ ಕಾಣಿಸುವ ಚಿತ್ರವಿದು. ಇದಕ್ಕೆ ವಿದ್ಯಾರ್ಥಿಯೊಬ್ಬನು ಮುಖಪುಟವನ್ನು ರಚಿಸಬೇಕಾಗಿದೆಯೆಂದು ಭಾವಿಸೋಣ. “ಉಡುಪರ ಮಗಳ ಗುಟ್ಟು ರಟ್ಟು!” ಎಂದು ಒಬ್ಬನು ಬರೆಯಬಹುದು. ಪ್ರಾಸವಿದೆ, ರಭಸವಿದೆ, ಕಥೆಯ ದೃಷ್ಟಿಯಿಂದ ಸುಳ್ಳೂ ಅಲ್ಲ. ಆದರೆ ಆ ಸಾಲನ್ನು ಬರೆದವನು ತನಗರಿವಿಲ್ಲದೆಯೇ ಯಮುನೆಯನ್ನು ಆಡಿಕೊಂಡು ಬಹಿಷ್ಕರಿಸಿದ ಅಗ್ರಹಾರದ ಜಗುಲಿಯ ಮೇಲೆ ಹೋಗಿ ಕುಳಿತಿದ್ದಾನೆ. ಚಿತ್ರವು ಯಾವ ಕ್ರೌರ್ಯವನ್ನು ತೋರಿಸಿತೋ ಅದನ್ನೇ ಮುಖಪುಟ ಮತ್ತೊಮ್ಮೆ ಎಸಗುತ್ತದೆ. “ಹುಡುಗನ ಕಣ್ಣಿಗೆ ಕಂಡ ಅಗ್ರಹಾರ” ಎಂದು ಇನ್ನೊಬ್ಬನು ಬರೆಯಬಹುದು. ಇದರಲ್ಲಿ ಅಬ್ಬರವಿಲ್ಲ, ಆದರೂ ಹುಡುಗನು ಕಂಡದ್ದೇನೆಂಬ ಕುತೂಹಲ ಮೂಡುತ್ತದೆ, ಹಾಗೂ ನೋಡುಗನು ನಿಲ್ಲಬೇಕಾದ ಸ್ಥಾನವೂ ಸೂಚಿತವಾಗುತ್ತದೆ. ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣ ಬಳಿಯಬೇಕೆ, ಹೆಸರಿಗೆ ಮಾತ್ರ ಒಂದು ಬಣ್ಣ ಸಾಕೆ ಎಂಬ ಪ್ರಶ್ನೆ ಮುಂದಿನದು. ಈ ಎರಡು ಸಾಲುಗಳ ಅಂತರವನ್ನು ತರಗತಿಯಲ್ಲಿ ಒಂದು ಗಂಟೆ ಚರ್ಚಿಸಿದರೆ ಭಾಷೆಯ ಪಾಠ, ವಿಮರ್ಶೆಯ ಪಾಠ, ನಡತೆಯ ಪಾಠ ಮೂರೂ ಒಟ್ಟಿಗೆ ಆಗುತ್ತವೆ.

ಹಾಗಾದರೆ ಈ ಅಭ್ಯಾಸವನ್ನು ಕನ್ನಡ ನಾಡಿನ ಶಾಲೆಗಳಲ್ಲಿ ಹೇಗೆ ನಡೆಸಬಹುದು? ನಾಲ್ವರ ಗುಂಪಿಗೆ ಒಂದು ಪತ್ರಿಕೆ ಸಾಕು. ಎ3 ಅಳತೆಯ ಎರಡು ಹಾಳೆಗಳನ್ನು ಒಂದರೊಳಗೊಂದಿಟ್ಟು ನಡುವೆ ಮಡಿಸಿದರೆ ಎ4 ಅಳತೆಯ 8 ಪುಟಗಳಾಗುತ್ತವೆ. ಮೊದಲನೆಯದು ಮುಖಪುಟ. ಅದರ ಮೇಲೆ ಮೂರು ಸಾಲುಗಳಿಗಿಂತ ಹೆಚ್ಚು ಬೇಡ. ಪ್ರತಿಯೊಂದು ಸಾಲಿನ ಮುಂದೆ ಪುಟಸಂಖ್ಯೆ ಇರಬೇಕು. ಆ ಪುಟದಲ್ಲಿ ಆ ಲೇಖನ ಇರಲೇಬೇಕು. ಪ್ರಸಿದ್ಧ ನಟರ ಚಿತ್ರಗಳನ್ನು ಅಂತರಜಾಲದಿಂದ ಎತ್ತಿಕೊಳ್ಳದೆ, ಸಹಪಾಠಿಗಳಿಂದ ದೃಶ್ಯವನ್ನು ಅಭಿನಯಿಸಿ ತಾವೇ ಛಾಯಾಚಿತ್ರ ತೆಗೆಯಬೇಕು. ಅದಕ್ಕೆ ಆ ಸಹಪಾಠಿಯ ಮತ್ತು ಅವರ ಮನೆಯವರ ಒಪ್ಪಿಗೆಯಿರಬೇಕು. ಗಣಕಯಂತ್ರವಿರುವ ಶಾಲೆಯಲ್ಲಿ ಪುಟವನ್ನು ಒಂದು ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ 2480ಕ್ಕೆ 3508 ಚುಕ್ಕೆಗಳಿರುವಂತೆ ಸಿದ್ಧಪಡಿಸಿ, ಕತ್ತರಿಸುವ ಅಂಚಿಗೆ ಸುತ್ತಲೂ 3 ಮಿಲಿಮೀಟರು ಹೆಚ್ಚು ಬಿಡಲು ಕಲಿಸಬಹುದು. ತೆರೆಯ ಮೇಲೆ ಬೆಳಕಿನಿಂದ ಹೊಳೆಯುವ ಬಣ್ಣ ಕಾಗದದ ಮೇಲೆ ನಾಲ್ಕು ಶಾಯಿಗಳಿಂದ ಮೂಡುವಾಗ ಮಂಕಾಗುವುದೆಂದು ತೋರಿಸಬಹುದು. ಗಣಕಯಂತ್ರವಿಲ್ಲದ ಶಾಲೆ ಕೊರಗಬೇಕಾಗಿಲ್ಲ. ಬಿಳಿಯ ಹಾಳೆ, ಕುಂಚ, ಅಂಟು, ಊರಿನ ಬೋರ್ಡು ಬರೆಯುವ ಕಲಾವಿದರ ಎರಡು ಗಂಟೆಯ ಸಹವಾಸ ಇಷ್ಟಿದ್ದರೆ ಸಾಕು.

ಪತ್ರಿಕೆಯ ಹೆಸರಿನಲ್ಲಿಯೂ ಒಂದು ಕಟ್ಟುಪಾಡನ್ನು ಕಲಿಸಬಹುದು. ಭಾರತದಲ್ಲಿ ನಿಯತಕಾಲಿಕದ ಹೆಸರನ್ನು ಇಷ್ಟಬಂದಂತೆ ಇಟ್ಟುಕೊಳ್ಳಲಾಗದು. 1867ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿರುವ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯಿದೆಯ ಪ್ರಕಾರ ಹೆಸರಿಗೆ ನೋಂದಣಿ ಬೇಕು. ಶಾಲೆಯ ಅಭ್ಯಾಸಕ್ಕೆ ನೋಂದಣಿಯ ಅಗತ್ಯವಿಲ್ಲ ನಿಜ. ಆದರೆ ಬೇರೆಯವರ ಹೆಸರನ್ನು ಎತ್ತಿಕೊಳ್ಳದೆ ತನ್ನದೊಂದು ಹೆಸರನ್ನು ಹುಡುಕಬೇಕೆಂಬ ನಿಯಮವಿದ್ದರೆ, ವಿದ್ಯಾರ್ಥಿ ನಿಘಂಟನ್ನಾದರೂ ತೆರೆದು ನೋಡುತ್ತಾನೆ.

ಅಂಕಗಳ ಹಂಚಿಕೆಯಲ್ಲಿ ಮುಖಪುಟದ ಅಂದಕ್ಕೆ ಮೂರನೆಯ ಒಂದು ಪಾಲು, ಒಳಪುಟಗಳ ಬರೆಹಕ್ಕೆ ಮೂರನೆಯ ಒಂದು ಪಾಲು, ಹೊರಗಿನದಕ್ಕೂ ಒಳಗಿನದಕ್ಕೂ ಇರುವ ಹೊಂದಿಕೆಗೆ ಉಳಿದ ಪಾಲು ಸಲ್ಲುವುದು ನ್ಯಾಯ. ಈ ಮೂರನೆಯ ಪಾಲನ್ನು ಕೊಡುವ ಮುನ್ನ ಅಧ್ಯಾಪಕರು ಮಾಡಬೇಕಾದ ಪರೀಕ್ಷೆ ಬಹಳ ಸರಳವಾದುದು. ಒಂದು ಗುಂಪಿನ ಮುಖಪುಟವನ್ನು ಮಾತ್ರ ಇನ್ನೊಂದು ಗುಂಪಿಗೆ ತೋರಿಸಿ, ಒಳಗೆ ಏನನ್ನು ನಿರೀಕ್ಷಿಸುವಿರೆಂದು ಬರೆಯಿಸಬೇಕು. ಅನಂತರ ಪತ್ರಿಕೆಯನ್ನು ಅವರ ಕೈಗೆ ಕೊಟ್ಟು ಓದಿಸಬೇಕು. ನಿರೀಕ್ಷಿಸಿದುದು ದೊರೆಯಿತೇ ಇಲ್ಲವೇ ಎಂದು ಆ ಓದುಗರೇ ಹೇಳಲಿ. ತನ್ನ ವಯಸ್ಸಿನ ಓದುಗನು ಎದುರಿಗೆ ಕುಳಿತು, ನೀನು ಹೊರಗೆ ಹೇಳಿದ್ದು ಒಳಗಿಲ್ಲವಲ್ಲ ಎಂದು ಒಮ್ಮೆ ಕೇಳಿದರೆ, ಆ ಪ್ರಶ್ನೆಯನ್ನು ಕೇಳಿಸಿಕೊಂಡ ವಿದ್ಯಾರ್ಥಿಯು ಮುಂದೆ ವಾರ್ತಾಪತ್ರದ ಕಚೇರಿಗೆ ಹೋಗಲಿ, ಜಾಹೀರಾತಿನ ಕಚೇರಿಗೆ ಹೋಗಲಿ, ಅಥವಾ ಬರಿಯ ಓದುಗನಾಗಿಯೇ ಉಳಿಯಲಿ, ಅದನ್ನು ಸುಲಭವಾಗಿ ಮರೆಯಲಾರನು.